34 ಸೆಂಟಿಮೀಟರ್ ಕೃಷ್ಣೆ

ವಿಜಯಪುರ ಜಿಲ್ಲೆಯ ತಿಕೋಟಾದ ಒಂದು ಎಕರೆ ಹೊಲದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿತ್ತು ಅನ್ನಿ. ಮಣ್ಣಿನ ಮೇಲ್ಪದರ ಕೂಡ ಸರಿಯಾಗಿ ನೆನೆಯುವುದಿಲ್ಲ. ಊರಲ್ಲಿ ಯಾರೂ ಅದನ್ನು ಮಳೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಆ ಎಕರೆಗೆ ಬಿದ್ದ ನೀರು 4,047 ಲೀಟರ್. ಈಗ ಹತ್ತು ಸಾವಿರ ಲೀಟರಿನ ಟ್ಯಾಂಕರ್ ತರಿಸಿ, ತುಂಬಿದ ನೀರನ್ನೆಲ್ಲ ಅದೇ ಹೊಲಕ್ಕೆ ಸಮನಾಗಿ ಹರಡಿ. ಎರಡೂವರೆ ಮಿಲಿಮೀಟರ್ ಕೂಡ ದಾಟುವುದಿಲ್ಲ.

ಇದೇ ಗುಣಾಕಾರವನ್ನು ಇಡೀ ವಿಜಯಪುರ ಜಿಲ್ಲೆಗೆ ಮಾಡೋಣ. ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್. ವರ್ಷದ ವಾಡಿಕೆ ಮಳೆ 590 ಮಿಲಿಮೀಟರಿನ ಆಸುಪಾಸು. ಎರಡನ್ನೂ ಗುಣಿಸಿದರೆ ಬರುವ ಮೊತ್ತ ಸುಮಾರು 219 ಟಿಎಂಸಿ. ಆಲಮಟ್ಟಿ ಜಲಾಶಯ 519.6 ಮೀಟರ್ ಮಟ್ಟಕ್ಕೆ ತುಂಬಿ ನಿಂತಾಗ ಅದರಲ್ಲಿರುವುದು 123 ಟಿಎಂಸಿ. ಬರಗಾಲದ ಸೀಮೆ ಎಂದು ಹೆಸರಾದ ಈ ಜಿಲ್ಲೆಯ ಮೇಲೆ ವಾಡಿಕೆಯ ಒಂದು ವರ್ಷದಲ್ಲಿ ಆಕಾಶದಿಂದ ಇಳಿಯುವ ನೀರು ಒಂದೂಮುಕ್ಕಾಲು ಆಲಮಟ್ಟಿಯಷ್ಟು!

ಹಾಗಿದ್ದರೆ ಬರ ಯಾಕೆ? ನೀರು ಎಷ್ಟಿದೆ ಎಂಬುದೊಂದೇ ಪ್ರಶ್ನೆಯಲ್ಲ. ಆ ನೀರನ್ನು ಎಲ್ಲಿಗೆ ಒಯ್ಯಬಹುದು, ಯಾವುದಕ್ಕೆ ಹಚ್ಚಬಹುದು, ಒಂದಕ್ಕೆ ಹಚ್ಚಿದರೆ ಇನ್ನೊಂದಕ್ಕೆ ಏನು ತಪ್ಪುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಇದಕ್ಕೊಂದು ಹೆಸರಿದೆ: ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗುವ, ಅದರ ನಂತರದ ಅತ್ಯುತ್ತಮ ಆಯ್ಕೆಯ ಮೌಲ್ಯವೇ ಅದು. ಇರುವ ನೆಲ, ನೀರು, ದುಡಿಮೆಯಿಂದ ಎರಡು ವಸ್ತುಗಳನ್ನು ಯಾವ ಯಾವ ಪ್ರಮಾಣದಲ್ಲಿ ಗರಿಷ್ಠವಾಗಿ ಪಡೆಯಬಹುದೆಂದು ತೋರಿಸುವ ಗೆರೆಗೆ ಉತ್ಪಾದನಾ ಸಾಧ್ಯತೆಗಳ ರೇಖೆ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಇದು ಅರ್ಧ ಪುಟದ ಚಿತ್ರ. ವಿಜಯಪುರ, ತಿಕೋಟಾ, ಬಬಲೇಶ್ವರದ ನಡುವೆ ಅದು ಲಕ್ಷಾಂತರ ಎಕರೆಯ ಬದುಕು.

ಐವತ್ತೈದು ಟನ್ ಲೋಹ, ನೂರೈವತ್ತು ರೂಪಾಯಿ

ಈ ಪಾಠಕ್ಕೆ ಜಗತ್ತಿನ ತರಗತಿಗಳಲ್ಲಿ ಕೊಡುವ ಪ್ರಸಿದ್ಧ ಉದಾಹರಣೆ ಬಂದೂಕು ಮತ್ತು ಬೆಣ್ಣೆಯದು. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ 1948ರಲ್ಲಿ ಹೊರತಂದ ಪಠ್ಯಪುಸ್ತಕದ ಮೂಲಕ ಅದು ಎಲ್ಲೆಡೆ ಹಬ್ಬಿತು. ದೇಶವೊಂದು ಹೆಚ್ಚು ಬಂದೂಕು ಮಾಡಿದರೆ ಅದಕ್ಕೆ ದಕ್ಕುವ ಬೆಣ್ಣೆ ಕಡಿಮೆ. ವಿಜಯಪುರದ ಮಕ್ಕಳಿಗೆ ಈ ಪಾಠ ಹೇಳಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಊರಿನ ಕೋಟೆಯ ಪಶ್ಚಿಮ ಗೋಡೆಯ ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ.

1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ತೂಕ ಸುಮಾರು 55 ಟನ್. ಅಷ್ಟೇ ಲೋಹದಿಂದ ಐದೈದು ಕಿಲೋ ತೂಕದ ಕೊಡ ಮಾಡಿಸಿದ್ದರೆ 11,000 ಮನೆಗಳಿಗೆ ಒಂದೊಂದು ಕೊಡ ಬರುತ್ತಿತ್ತು. ಆ ಹನ್ನೊಂದು ಸಾವಿರ ಕೊಡಗಳೇ ಎರಕದ ದಿನ ಆ ತೋಪಿನ ನಿಜವಾದ ಬೆಲೆ.

ಮೂರು ಶತಮಾನಗಳ ನಂತರ, 1854ರಲ್ಲಿ, ವಿಜಯಪುರದಲ್ಲಿ ಬಿದ್ದಿರುವ ನಿರುಪಯೋಗಿ ಸಾಮಾನುಗಳನ್ನು ಮಾರಿಬಿಡಿ ಎಂದು ಸಾತಾರದ ಬ್ರಿಟಿಷ್ ಕಮಿಷನರ್ ಆದೇಶ ಹೊರಡಿಸಿದ. ತೋಪು ಹರಾಜಿಗೆ ಬಂತು. ಅತಿ ಹೆಚ್ಚಿನ ಕೂಗು 150 ರೂಪಾಯಿ. ಅಂದರೆ ರೂಪಾಯಿಗೆ ಸುಮಾರು 367 ಕಿಲೋ ಲೋಹ! ಇಷ್ಟು ಕಡಿಮೆಗೆ ಕೊಡುವುದು ತರವಲ್ಲವೆಂದು ಸ್ಥಳೀಯ ಅಧಿಕಾರಿಗೆ ಅನಿಸಿದ್ದರಿಂದ ಮಾರಾಟ ರದ್ದಾಯಿತು. ತೋಪು ಉಳಿಯಿತು.

ಅದೇ ಲೋಹ ಅಷ್ಟು ಅಗ್ಗವಾದದ್ದು ಹೇಗೆ? ಬುರುಜಿನ ನೆತ್ತಿಯಿಂದ 55 ಟನ್ನಿನ ಒಂದೇ ತುಂಡನ್ನು ಇಳಿಸುವುದು, ಒಡೆಯುವುದು, ಕುಲುಮೆಗೆ ಸಾಗಿಸುವುದು ಕೂಗಿದವನ ಪಾಲಿಗೆ ಬೆಟ್ಟದಂಥ ಕೆಲಸ. ಬೇರೆ ದಾರಿ ಇಲ್ಲದ ವಸ್ತುವಿನ ಅವಕಾಶ ವೆಚ್ಚ ಸೊನ್ನೆಯ ಕಡೆಗೆ ಜಾರುತ್ತದೆ, ಅದು ಎಷ್ಟೇ ಭಾರಿಯಾಗಿರಲಿ. ಹತ್ತು ದಾರಿ ತೆರೆದಿರುವ ವಸ್ತುವಿನ ಪ್ರತಿಯೊಂದು ತುಣುಕಿಗೂ ಬೆಲೆ ಏರುತ್ತದೆ. ನೀರಿನ ವಿಚಾರಕ್ಕೆ ಬಂದಾಗ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಇಬ್ರಾಹಿಂ ರೋಜಾ. ಅದರ ಶಾಸನದಲ್ಲಿ ಕಟ್ಟಡದ ಖರ್ಚನ್ನೂ ಕೆತ್ತಿದ್ದಾರೆ: ಒಂದೂವರೆ ಲಕ್ಷದ ಒಂಬೈನೂರು ಹೊನ್ನು. ಖರ್ಚನ್ನು ಕಲ್ಲಿನ ಮೇಲೆ ಬರೆದಿಟ್ಟ ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೂ ಅಲ್ಲಿರುವುದು ಲೆಕ್ಕದ ಒಂದು ಬದಿ ಮಾತ್ರ. ಆ ಶಿಲ್ಪಿಗಳ ಕೈ, ಆ ಎತ್ತುಗಳ ಬಲ, ಆ ವರ್ಷಗಳು ಇನ್ನೇನನ್ನು ಕಟ್ಟಬಹುದಿತ್ತು ಎಂಬುದನ್ನು ಯಾವ ಶಾಸನವೂ ಬರೆಯುವುದಿಲ್ಲ. ಇಂದಿನ ಕಾಮಗಾರಿಗಳ ಫಲಕಗಳೂ ರೂಪಾಯಿಯನ್ನಷ್ಟೇ ಬರೆಯುತ್ತವೆ.

ವಿಜಯಪುರವನ್ನಾಳಿದ ಆದಿಲಶಾಹಿಗಳು ನೀರನ್ನು ಮರೆತಿರಲಿಲ್ಲ. 1579ರಲ್ಲಿ ಕಟ್ಟಿದ ಚಾಂದ ಬಾವಡಿಯಲ್ಲಿ ಸುಮಾರು ಎರಡು ಕೋಟಿ ಲೀಟರ್ ಹಿಡಿಯುತ್ತಿತ್ತು. 1620ರಲ್ಲಿ ತಾಜ ಬಾವಡಿ ಬಂತು, 1651ರಲ್ಲಿ ಬೇಗಂ ತಾಲಾಬ್. ಅದೇ ಕಾಲದಲ್ಲಿ, 44 ಮೀಟರ್ ಹೊರವ್ಯಾಸದ ಗುಮ್ಮಟ ಹೊತ್ತ ಗೋಳಗುಮ್ಮಟವೂ ಮೇಲೇಳುತ್ತಿತ್ತು. 1656ರಲ್ಲಿ ಮಹಮ್ಮದ್ ಆದಿಲಶಾಹ ಅದರಡಿ ಮಣ್ಣಾದ. ಅವನ ಮಗ ಎರಡನೇ ಅಲಿ ಇನ್ನೂ ದೊಡ್ಡದೊಂದು ಗೋರಿ ಕಟ್ಟಲು ಹೊರಟ. 1672ರಲ್ಲಿ ಅವನು ತೀರಿಕೊಂಡಾಗ ಆ ಕಟ್ಟಡ ಬರಿಯ ಕಮಾನುಗಳಲ್ಲೇ ನಿಂತುಬಿಟ್ಟಿತು, ಅದೇ ಬಾರಾಕಮಾನ್. ಹದಿನಾಲ್ಕು ವರ್ಷಗಳಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದುಕೊಂಡ. ರಾಜ್ಯ ಎಷ್ಟೇ ಸಿರಿವಂತವಾಗಿರಲಿ, ಸಾಧ್ಯತೆಗಳ ಗೆರೆಯ ಆಚೆಗೆ ಅದಕ್ಕೆ ಜಾಗವಿಲ್ಲ.

ಗೆರೆ ಬಾಗಿರುವುದು ಮಣ್ಣಿನಿಂದ

ಪುಸ್ತಕದ ಚಿತ್ರದಲ್ಲಿ ಆ ಗೆರೆ ನೇರವಾಗಿರುವುದಿಲ್ಲ, ಹೊರಕ್ಕೆ ಬಾಗಿರುತ್ತದೆ. ಯಾಕೆ ಬಾಗಬೇಕು ಎಂಬುದಕ್ಕೆ ಈ ಸೀಮೆಯ ಮಣ್ಣಿನಷ್ಟು ಚೆನ್ನಾಗಿ ಉತ್ತರ ಕೊಡುವ ಗುರು ಸಿಗಲಾರ.

ಬಬಲೇಶ್ವರ, ಸಾರವಾಡದ ಕಡೆ ಡೋಣಿ ನದಿಯ ಇಕ್ಕೆಲಗಳಲ್ಲಿ ಆಳವಾದ ಎರೆಭೂಮಿ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಹೇಳುತ್ತ ಬಂದದ್ದು ಈ ನೆಲಕ್ಕೆ. ತಿಕೋಟಾದ ಕಡೆ ಏರಿದಂತೆ ತೆಳುಮಣ್ಣಿನ, ಕಲ್ಲುಗರಸಿನ ಮಡ್ಡಿ. ಒಂದು ಮೀಟರ್ ಆಳದ ಒಳ್ಳೆಯ ಎರೆ ಬೆಳೆಗೆ ದಕ್ಕುವಂತೆ ಸುಮಾರು 200 ಮಿಲಿಮೀಟರ್ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಎಕರೆಗೆ ಎಂಟು ಲಕ್ಷ ಲೀಟರ್! ಎಂಬತ್ತು ಟ್ಯಾಂಕರ್ ನೀರು ಗೋಡೆಯಿಲ್ಲದೆ, ಮುಚ್ಚಳವಿಲ್ಲದೆ, ಕರೆಂಟಿನ ಬಿಲ್ಲಿಲ್ಲದೆ ಹೊಲದಡಿಯಲ್ಲೇ ನಿಂತಿರುತ್ತದೆ. ಉತ್ತರಿ, ಹಸ್ತ ಮಳೆಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಈ ಕಾಣದ ಕೆರೆಯನ್ನು ಬೇರಿನಿಂದ ಹೀರಿಕೊಂಡೇ ನಾಲ್ಕು ತಿಂಗಳು ಬದುಕಿ, ತೆನೆ ಬಿಟ್ಟು, ದನಕ್ಕೆ ಕಣಿಕೆಯನ್ನೂ ಕೊಡುತ್ತದೆ. ಮಡ್ಡಿಗೆ ಆ ಶಕ್ತಿ ಇಲ್ಲ. ಆದರೆ ನೀರು ನಿಲ್ಲದೆ ಬಸಿದುಹೋಗುವ ಆ ನೆಲವೇ, ಹನಿ ನೀರಾವರಿ ಸಿಕ್ಕರೆ, ದ್ರಾಕ್ಷಿಗೆ ಹೇಳಿ ಮಾಡಿಸಿದ್ದು. ರಾಜ್ಯದ ದ್ರಾಕ್ಷಿಯಲ್ಲಿ ವಿಜಯಪುರ ಮುಂದಿರುವುದಕ್ಕೆ ಈ ಮಡ್ಡಿಗಳ ಪಾಲು ದೊಡ್ಡದು.

ಲೆಕ್ಕಕ್ಕಾಗಿ ಹತ್ತು ಎಕರೆಯ ಒಂದು ಹೊಲವನ್ನು ಕಲ್ಪಿಸಿಕೊಳ್ಳೋಣ: ಆರು ಎಕರೆ ಎರೆ, ನಾಲ್ಕು ಎಕರೆ ಮಡ್ಡಿ. ಜೋಳ ಎರೆಯಲ್ಲಿ ಎಕರೆಗೆ 5 ಕ್ವಿಂಟಾಲ್, ಮಡ್ಡಿಯಲ್ಲಿ ಒಂದೂವರೆ. ದ್ರಾಕ್ಷಿ ಮಡ್ಡಿಯಲ್ಲಿ ಎಕರೆಗೆ 8 ಟನ್, ಬಸಿಯದ ಎರೆಯಲ್ಲಿ 5 ಟನ್. ಎಲ್ಲವನ್ನೂ ಜೋಳಕ್ಕೆ ಬಿಟ್ಟರೆ 36 ಕ್ವಿಂಟಾಲ್. ನಾಲ್ಕು ಎಕರೆ ಮಡ್ಡಿಯನ್ನು ದ್ರಾಕ್ಷಿಗೆ ತಿರುಗಿಸಿದರೆ ಸಿಗುವುದು 32 ಟನ್ ದ್ರಾಕ್ಷಿ, ಕಳೆದುಕೊಳ್ಳುವುದು 6 ಕ್ವಿಂಟಾಲ್ ಜೋಳ. ಒಂದು ಟನ್ ದ್ರಾಕ್ಷಿಯ ಬೆಲೆ 19 ಕಿಲೋ ಜೋಳ. ಆಸೆ ಬೆಳೆದು ಐದನೆಯ ಎಕರೆಯನ್ನು ಎರೆಯಲ್ಲಿ ಹಚ್ಚಿದರೆ ಸಿಗುವುದು 5 ಟನ್, ಹೋಗುವುದು 5 ಕ್ವಿಂಟಾಲ್. ಈಗ ಟನ್ನಿಗೆ 100 ಕಿಲೋ ಜೋಳ. ದ್ರಾಕ್ಷಿ ಅದೇ, ರೈತ ಅವನೇ. ಬದು ದಾಟಿದ್ದಕ್ಕೆ ಬೆಲೆ ಐದು ಪಟ್ಟು. ಗೆರೆ ಬಾಗುವುದು ಹೀಗೆ.

ಎತ್ತಿ ತಂದ ನೀರು

ಈಗ ಕೃಷ್ಣೆಗೆ ಬರೋಣ. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಪಾಲು 6.3 ಟಿಎಂಸಿ. ಜಮಖಂಡಿ ಕಡೆಯ ನದಿಯಿಂದ ಪಂಪುಗಳು ಎತ್ತುವ ಈ ನೀರು ತಿಕೋಟಾ, ಬಬಲೇಶ್ವರ ಸೀಮೆಯ ಜೊತೆಗೆ ಅಥಣಿಯ ಕಡೆಗೂ ಸೇರಿ 52,700 ಹೆಕ್ಟೇರಿಗೆ, ಅಂದರೆ 1.30 ಲಕ್ಷ ಎಕರೆಗೆ ಉದ್ದೇಶಿತವಾದದ್ದು.

6.3 ಟಿಎಂಸಿ ಎಂದರೆ 17,840 ಕೋಟಿ ಲೀಟರ್. ಗೋಳಗುಮ್ಮಟದ ಸುಮಾರು 1,700 ಚದರ ಮೀಟರ್ ನೆಲದ ಮೇಲೆ ಅದರ 51 ಮೀಟರ್ ಎತ್ತರದವರೆಗೂ ನೀರು ನಿಲ್ಲಿಸಿದರೆ, ಅಂಥ ಎರಡು ಸಾವಿರಕ್ಕೂ ಹೆಚ್ಚು ಗುಮ್ಮಟಗಳು ತುಂಬುತ್ತವೆ. ಚಾಂದ ಬಾವಡಿಗಳಾದರೆ 8,900. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಾದರೆ ಒಂದು ಕೋಟಿ 78 ಲಕ್ಷ. ಎಂಟು ಮೀಟರಿಗೊಂದರಂತೆ ಸಾಲಾಗಿ ನಿಲ್ಲಿಸಿದರೆ ಆ ಸಾಲು ಭೂಮಿಯನ್ನು ಮೂರೂವರೆ ಸುತ್ತು ಸುತ್ತುತ್ತದೆ.

ಇದನ್ನು ಎತ್ತಲು ಬೇಕಾದ ಶಕ್ತಿಯೂ ಅಷ್ಟೇ ಬೆರಗಿನದು. ಸೋರಿಕೆ, ತಿಕ್ಕಾಟ ಯಾವುದೂ ಇಲ್ಲವೆಂದುಕೊಂಡರೂ, ಪ್ರತಿ ನೂರು ಮೀಟರ್ ಎತ್ತರಕ್ಕೆ 4 ಕೋಟಿ 86 ಲಕ್ಷ ಯೂನಿಟ್ ವಿದ್ಯುತ್ ಬೇಕು. 290 ಮೆಗಾವಾಟಿನ ಆಲಮಟ್ಟಿ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಏಳು ಹಗಲು ಏಳು ರಾತ್ರಿ ಓಡಿದರೆ ಆಗುವಷ್ಟು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಖ್ಯೆ ಇವು ಯಾವುವೂ ಅಲ್ಲ. ಅಷ್ಟೂ ನೀರನ್ನು 1.30 ಲಕ್ಷ ಎಕರೆಗೆ ಸಮನಾಗಿ ಹರಡಿದರೆ ನಿಲ್ಲುವ ಆಳ 34 ಸೆಂಟಿಮೀಟರ್. ಎರಡು ಸಾವಿರ ಗುಮ್ಮಟಗಳ ನೀರು ಹೊಲಕ್ಕೆ ಇಳಿದಾಗ ಮೊಣಕಾಲಿನ ಕೆಳಗೇ ಉಳಿಯುತ್ತದೆ. ಒಂದು ವರ್ಷದ ಪಾಲು ಅಷ್ಟೇ.

ಕಬ್ಬಿಗೆ ಒಟ್ಟು 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಮಳೆಯ ಪಾಲನ್ನು ಕಳೆದು ಕಾಲುವೆಯಿಂದ 1,500 ಮಿಲಿಮೀಟರ್ ಕೊಡಬೇಕೆಂದು ಹಿಡಿಯೋಣ. ಆಗ ಒಂದು ಎಕರೆ ಕಬ್ಬು ಕುಡಿಯುವುದು 4.4 ಎಕರೆಯ ಪಾಲನ್ನು. ಎಲ್ಲರೂ ಕಬ್ಬೇ ಹಚ್ಚಿದರೆ 6.3 ಟಿಎಂಸಿ ಮುಗಿಯುವುದು ಸುಮಾರು 29,400 ಎಕರೆಗೆ. ಉಳಿದ ಒಂದು ಲಕ್ಷ ಎಕರೆ ಕಾಲುವೆಯ ನಕ್ಷೆಯೊಳಗೆ ಇದ್ದೂ ಒಣಗಿರುತ್ತದೆ. ಜೋಳದ ಜೊತೆ ಹೋಲಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಹೂವಾಡುವ ಹೊತ್ತಿಗೆ ಬಿಳಿಜೋಳಕ್ಕೆ ಕೊಡುವ ಒಂದು ರಕ್ಷಕ ನೀರು 60 ಮಿಲಿಮೀಟರ್. ಒಂದು ಎಕರೆ ಕಬ್ಬಿನ ನೀರಿನಲ್ಲಿ 25 ಎಕರೆ ಜೋಳಕ್ಕೆ ಒಂದೊಂದು ನೀರು ಹಾಯಿಸಬಹುದು! ಆ ನೀರಿನಿಂದ ಎಕರೆಗೆ ಎರಡೇ ಕ್ವಿಂಟಾಲ್ ಹೆಚ್ಚು ಬಂದರೂ 50 ಕ್ವಿಂಟಾಲ್; ದಿನಕ್ಕೆ 400 ಗ್ರಾಂ ಹಿಟ್ಟಿನ ಲೆಕ್ಕದಲ್ಲಿ 34 ಜನರಿಗೆ ವರ್ಷವಿಡೀ ರೊಟ್ಟಿ.

ಇಲ್ಲೊಂದು ಆಕ್ಷೇಪ ಬರುತ್ತದೆ. ಜಾಗತಿಕ ಸರಾಸರಿಯಂತೆ ಒಂದು ಕಿಲೋ ಜೋಳಕ್ಕೆ ಸುಮಾರು 3,000 ಲೀಟರ್ ನೀರು, ಒಂದು ಕಿಲೋ ಕಬ್ಬಿಗೆ ಸುಮಾರು 200 ಲೀಟರ್. ಹಾಗಾದರೆ ಜೋಳವೇ ಹದಿನೈದು ಪಟ್ಟು ಹೆಚ್ಚು ಕುಡಿಯಿತಲ್ಲ? ಹರಾಜಿಗೆ ಬಂದ ತೋಪಿನ ಪಾಠ ಇಲ್ಲಿ ಬೇಕು. ಜೋಳ ಕುಡಿಯುವುದು ಬಹುಪಾಲು ಎರೆಯೊಳಗೆ ಇಂಗಿ ನಿಂತ ಮಳೆನೀರನ್ನು. ಅದನ್ನು ಪಂಪ್ ಹಚ್ಚಿ ಎತ್ತಲಾಗದು, ಪೈಪಿನಲ್ಲಿ ನಗರಕ್ಕೆ ಕಳಿಸಲಾಗದು. ಬೇರೆ ದಾರಿ ಇಲ್ಲದ ಆ ನೀರಿನ ಅವಕಾಶ ವೆಚ್ಚ ಅತ್ಯಲ್ಪ. ಕಾಲುವೆಯ ನೀರಿಗೆ ಹತ್ತು ದಾರಿ: ದ್ರಾಕ್ಷಿ, ತೊಗರಿ, ಕೆರೆ, ದನದ ತೊಟ್ಟಿ, 2011ರಲ್ಲೇ ಮೂರು ಲಕ್ಷ ದಾಟಿದ್ದ ವಿಜಯಪುರ ನಗರದ ನಲ್ಲಿ. ಲೀಟರು ಲೀಟರಿಗೆ ಸಮವಲ್ಲ.

ರೈತನ ಲೆಕ್ಕವೂ ಸರಿ

ಹಾಗೆಂದು ಕಬ್ಬು ಹಚ್ಚಿದವನನ್ನು ಬೈಯುವುದು ಅನ್ಯಾಯ. 2025-26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಕಬ್ಬಿನ ದರ, ಶೇಕಡ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಅದೇ ಹಂಗಾಮಿನಲ್ಲಿ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 3,749 ಇತ್ತು. ಎಕರೆಗೆ 40 ಟನ್ ಕಬ್ಬು ಬಂದರೆ 1.42 ಲಕ್ಷ, ನೀರು ಕಂಡ ಜೋಳ 7 ಕ್ವಿಂಟಾಲ್ ಬಂದರೆ 26 ಸಾವಿರ. ಬೇಸಾಯದ ಖರ್ಚು ಎರಡಕ್ಕೂ ಬೇರೆ ಬೇರೆ ಇದೆ, ನಿಜ. ಆದರೂ ನಾಲ್ಕೇ ಎಕರೆ ಇರುವ ರೈತನಿಗೆ ಜೋಳ ಬಿತ್ತುವುದೆಂದರೆ ಎಕರೆಗೆ ಲಕ್ಷ ರೂಪಾಯಿಯ ಹುಟ್ಟುವಳಿ ಕೈಬಿಡುವುದು. ಅವನಿಗೆ ಕೊರತೆಯಿರುವುದು ನೆಲ.

ಈಗ ಕಾಲುವೆಯ ಕಡೆಯಿಂದ ನೋಡಿ. ಅದೇ ಎಕರೆ ಕಬ್ಬಿನ ನೀರು 25 ಎಕರೆಗೆ ಹೋಗಿ ತರುತ್ತಿದ್ದ 50 ಕ್ವಿಂಟಾಲ್ ಜೋಳದ ಬೆಲೆ 1.87 ಲಕ್ಷ. ಕಬ್ಬು ತಂದದ್ದು 1.42 ಲಕ್ಷ. ಕಾಲುವೆಗೆ ಕೊರತೆಯಿರುವುದು ನೀರು. ಎರಡೂ ಲೆಕ್ಕ ಸರಿ. ಒಂದು ನೆಲದಿಂದ ಭಾಗಿಸಿದ್ದು, ಇನ್ನೊಂದು ನೀರಿನಿಂದ. ಒಬ್ಬನ ಗಳಿಕೆ ಅವನ ಖಾತೆಗೆ ಬರುತ್ತದೆ, ಅದರ ಅವಕಾಶ ವೆಚ್ಚವನ್ನು ಮಾತ್ರ ಕಾಲುವೆಯ ಕೆಳಗಿನ ಇಪ್ಪತ್ತೈದು ಎಕರೆಯವರು ಹೊರುತ್ತಾರೆ. ಈ ಊರುಗಳ ನೀರಿನ ಜಗಳದ ಬೇರು ಇಲ್ಲಿದೆ. ದುರಾಸೆಯ ಮಾತು ಆಮೇಲಿನದು.

ದ್ರಾಕ್ಷಿಯ ಪಡಗಳಲ್ಲಿ ಇದೇ ಪಾಠದ ಇನ್ನೊಂದು ಮುಖ ಕಾಣುತ್ತದೆ. ಬರದ ಬೇಸಿಗೆಗಳಲ್ಲಿ ತಿಕೋಟಾ ಭಾಗದವರು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡಿದ್ದಾರೆ. ದಿನಕ್ಕೆ ಮೂರೇ ಮಿಲಿಮೀಟರ್ ಕೊಟ್ಟರೂ ಎಕರೆಗೆ 12,000 ಲೀಟರ್; ಅರವತ್ತು ದಿನಕ್ಕೆ 73 ಟ್ಯಾಂಕರ್. ಹೊರಗಿನವರಿಗೆ ಇದು ಹುಚ್ಚಾಟವಾಗಿ ಕಂಡೀತು. ಹಾಕಿದ ಹಣ ಹೋದೀತೆಂಬ ಹೆದರಿಕೆಗೆ ಹೀಗೆ ಮಾಡಿದರೆ ಅದು ತಪ್ಪು ಲೆಕ್ಕವೇ ಸರಿ. ಕಂಬಕ್ಕೆ, ತಂತಿಗೆ ಸುರಿದದ್ದು ಬಳ್ಳಿ ಬದುಕಿದರೂ ಮರಳಿ ಬಾರದು. ಆದರೆ ಬಳ್ಳಿ ಸತ್ತರೆ ಹೋಗುವುದು ಮುಂದಿನದು. ಹೊಸ ಬಳ್ಳಿ ಹಚ್ಚಿ ಮೊದಲ ಬೆಳೆ ಕಾಣಲು ಎರಡು ವರ್ಷ ಕಾಯಬೇಕು. ಏಪ್ರಿಲ್ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ, ನಂತರ ಬರುವ ಕಡ್ಡಿಯಲ್ಲೇ ಮುಂದಿನ ಹಂಗಾಮಿನ ಗೊಂಚಲು ರೂಪುಗೊಳ್ಳುತ್ತದೆ. 73 ಟ್ಯಾಂಕರ್ ಎದುರು ಆ ರೈತ ತೂಗುವುದು ಬರಲಿರುವ ವರ್ಷಗಳ ಹಣ್ಣನ್ನು, ನಾಲ್ಕು ಕಿಲೋಗೆ ಒಂದು ಕಿಲೋ ಇಳಿಯುವ ಒಣದ್ರಾಕ್ಷಿಯನ್ನು. ಪದವಿ ತರಗತಿಯಲ್ಲಿ ಎಷ್ಟೋ ಮಂದಿ ಎಡವುವ ಈ ವ್ಯತ್ಯಾಸವನ್ನು ಪಡದಲ್ಲಿ ನಿಂತವನು ಮೇ ತಿಂಗಳ ಬಿಸಿಲಿನಲ್ಲಿ ಪ್ರತಿದಿನ ಬಗೆಹರಿಸಿಕೊಳ್ಳುತ್ತಾನೆ.

ಗೆರೆಯನ್ನು ಹೊರಗೆ ತಳ್ಳಿದರೂ

ನೀರು ಹೆಚ್ಚಿದರೆ ಸಾಧ್ಯತೆಗಳ ಗೆರೆಯೇ ಹೊರಕ್ಕೆ ಸರಿಯುತ್ತದೆ. ಜೋಳವೂ ಹೆಚ್ಚು, ದ್ರಾಕ್ಷಿಯೂ ಹೆಚ್ಚು. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಆಸೆ ಅದೇ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲು ಹಾಕಿದರು. 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು ಜಲಾಶಯವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಒಪ್ಪಿ, ಈ ಹಂತಕ್ಕೆ 130 ಟಿಎಂಸಿ ಕೊಟ್ಟಿತು. ಗುರಿ 5.94 ಲಕ್ಷ ಹೆಕ್ಟೇರ್. ಆ ನಾಲ್ಕೂವರೆ ಮೀಟರ್ ಏರಿಕೆಗೆ ಮುಳುಗುವ ನೆಲ 75,563 ಎಕರೆ. ಕಾಲುವೆ, ಪುನರ್ವಸತಿ ಸೇರಿದರೆ ಬೇಕಾಗುವುದು 1,33,867 ಎಕರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಮುಳುಗುವ ಅಷ್ಟೂ ನೆಲವನ್ನು ಒಣಭೂಮಿಯೆಂದೇ ಎಣಿಸಿದರೂ ಇದು 22 ಸಾವಿರ ಕೋಟಿ ದಾಟುತ್ತದೆ.

ಒಂದು ಎಕರೆ ಬಿಟ್ಟುಕೊಟ್ಟರೆ ಹನ್ನೊಂದು ಎಕರೆಗೆ ನೀರು. ಲಾಭ ಸ್ಪಷ್ಟ. ಆದರೆ ಬಿಟ್ಟವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಹಳೆಯ ಬಾಗಲಕೋಟೆಯ ಓಣಿಗಳನ್ನು, ಮನೆದೇವರ ಗುಡಿಯನ್ನು, ಹಿರಿಯರ ಸಮಾಧಿಯನ್ನು ಆಲಮಟ್ಟಿಯ ನೀರಿಗೆ ಒಪ್ಪಿಸಿದ ಕುಟುಂಬಗಳು ಈ ಸೀಮೆಯ ಹಸಿರಿನ ಬೆಲೆಯನ್ನು ಮುಂಗಡವಾಗಿ ತೆತ್ತಿವೆ. ಹಾಗೆ ಬಂದ ನೀರನ್ನು ಮೇಲಿನ ಹೊಲದಲ್ಲಿ ಒತ್ತಟ್ಟಿಗೆ ಸುರಿದು, ಕೆಳಗಿನ ಹೊಲಕ್ಕೆ ಬರೀ ತೂಬು ತೋರಿಸುವುದು ಅವರ ತ್ಯಾಗಕ್ಕೆ ಬಗೆಯುವ ದ್ರೋಹ ಎಂದೇ ನಾನು ತಿಳಿದಿದ್ದೇನೆ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ನೀರನ್ನು ಪಂಪು ಓಡಿದ ಗಂಟೆಗಳಲ್ಲಿ ಅಳೆಯುವುದನ್ನು ಬಿಟ್ಟು ಎಕರೆಗೆ ಎಷ್ಟು ಮಿಲಿಮೀಟರ್ ಎಂದು ಅಳೆಯಬೇಕು. ಪ್ರತಿ ವಿತರಣಾ ಕಾಲುವೆಯ ತಲೆಯಲ್ಲಿ, ಕಾಮಗಾರಿಯ ಕೋಟಿಗಳ ಪಕ್ಕದಲ್ಲೇ, ಆ ಕಾಲುವೆಯ ಎಕರೆಗಳೆಷ್ಟು, ಪ್ರತಿ ಎಕರೆಯ ಪಾಲೆಷ್ಟು, ಯಾವ ಬೆಳೆ ಎಷ್ಟು ಪಾಲು ಕುಡಿಯುತ್ತದೆ ಎಂದು ಬರೆಯಬೇಕು. ಕಬ್ಬು ಹಚ್ಚುವವನು ಹಚ್ಚಲಿ, ತನ್ನ 34 ಸೆಂಟಿಮೀಟರಿನ ಮೇಲೆ ಬೇಕಾದುದನ್ನು ನೆರೆಹೊಲದವರಿಂದ ಒಪ್ಪಂದದಲ್ಲಿ ಪಡೆದು, ಅದರ ಬೆಲೆ ಕೊಟ್ಟು ಹಚ್ಚಲಿ. ಎರೆಯನ್ನು ಜೋಳಕ್ಕೆ, ಮಡ್ಡಿಯನ್ನು ದ್ರಾಕ್ಷಿಗೆ ಇಟ್ಟುಕೊಂಡವನಿಗೆ ಕೊಳ್ಳುವ ದರದಲ್ಲಿ ಅದರ ಫಲ ಕಾಣಬೇಕು; ಬೆಂಬಲ ಬೆಲೆಯ ಖರೀದಿ ಕೇಂದ್ರ ಸುಗ್ಗಿಯ ದಿನಗಳಲ್ಲೇ ತೆರೆದಿರಬೇಕು. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿಸುವುದು ಯಾರೂ ಮಾಡುವ ಉಪಕಾರವಲ್ಲ, 6.3 ಟಿಎಂಸಿಯನ್ನು 1.30 ಲಕ್ಷ ಎಕರೆಯಿಂದ ಭಾಗಿಸಿದಾಗ ಬರುವ ಉತ್ತರ ಅದು.